ತಮ್ಮ ಅಂಕಪಟ್ಟಿಯನ್ನು ತಾವೇ ಬರೆದುಕೊಳ್ಳುವವರು



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನಿಂದ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂದಿತು. ಆತ ಈಗ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಪರಿಸರ, ಆರೋಗ್ಯ ಮತ್ತು ಸುರಕ್ಷತೆಯ ವಿಭಾಗದಲ್ಲಿ ಅಧಿಕಾರಿಯಾಗಿದ್ದಾನೆ. ಲಕೋಟೆಯೊಳಗೆ ಅವನ ಕಂಪನಿಯ ವಾರ್ಷಿಕ ವರದಿಯೂ ಒಂದು ಪತ್ರವೂ ಇದ್ದವು. "ಸಾರ್, ಈ ವರದಿಯ ಕರಡಿನಲ್ಲಿ ನನ್ನ ಕೈಯೂ ಇದೆ. ಮುಂದಿನ ವರ್ಷದ ವರದಿಯನ್ನು ಸಿದ್ಧಪಡಿಸುವಾಗ ಕಾರ್ಮಿಕರನ್ನೂ ಸುತ್ತಲಿನ ಊರಿನವರನ್ನೂ ಒಳಗೊಳ್ಳಬೇಕೆಂದು ಮೇಲಿನಿಂದ ಸೂಚನೆ ಬಂದಿದೆ. ಅದನ್ನು ಶಾಸ್ತ್ರಕ್ಕೆ ಮಾಡಿ ಮುಗಿಸಲು ಮನಸ್ಸಿಲ್ಲ. ನೀವು ಇತಿಹಾಸ ಕಲಿಸಿದವರು, ಇದರ ಹಿಂದಿನ ಕಥೆಯನ್ನು ನಾಲ್ಕು ಮಾತಿನಲ್ಲಿ ತಿಳಿಸಿ" ಎಂದು ಬರೆದಿದ್ದ. ನಾಲ್ಕು ಮಾತಿನಲ್ಲಿ ಮುಗಿಸುವುದು ನನ್ನ ಜಾಯಮಾನವಲ್ಲವೆಂಬುದು ನಿಮಗೆಲ್ಲ ತಿಳಿದದ್ದೇ. ಅವನಿಗೆ ಬರೆಯಲು ಕುಳಿತದ್ದು ಈ ಲೇಖನವಾಗಿ ಬೆಳೆಯಿತು.

ವರದಿಯನ್ನು ಎರಡು ದಿನ ಕುಳಿತು ಓದಿದೆ. ನುಣುಪಾದ ಕಾಗದ, ಹಸಿರು ಮುಖಪುಟ, ಸಸಿ ನೆಡುತ್ತಿರುವ ಮಕ್ಕಳ ಚಿತ್ರ. ಉಳಿಸಿದ ನೀರಿನ ಲೆಕ್ಕ, ನೆಟ್ಟ ಗಿಡಗಳ ಲೆಕ್ಕ, ಅಪಘಾತವಿಲ್ಲದೆ ಕಳೆದ ದಿನಗಳ ಲೆಕ್ಕ, ಎಲ್ಲವೂ ಇದ್ದವು. ಅವುಗಳಲ್ಲಿ ಯಾವುದೂ ಸುಳ್ಳೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಆದರೂ ಹಳೆಯ ಅಭ್ಯಾಸಬಲದಿಂದ ಅಂಚಿನಲ್ಲಿ ಸೀಸದಕಡ್ಡಿಯಿಂದ ಒಂದು ಪ್ರಶ್ನೆ ಬರೆದೆ: "ಈ ಪ್ರಶ್ನೆಗಳನ್ನು ಕೇಳಿದವರು ಯಾರು?"

ನಾವು ಶಾಲೆಯಲ್ಲಿ ಅಂಕಪಟ್ಟಿ ಕೊಡುತ್ತಿದ್ದ ಕ್ರಮವನ್ನು ನೆನಪಿಸಿಕೊಳ್ಳಿ. ಪ್ರಶ್ನೆ ಒಬ್ಬರದು, ಉತ್ತರ ಇನ್ನೊಬ್ಬರದು. ಕಡೆಯಲ್ಲಿ ಪೋಷಕರ ರುಜುವಿಗೆಂದು ಒಂದು ಖಾಲಿ ಗೆರೆ. ವಿದ್ಯಾರ್ಥಿಯೇ ಪ್ರಶ್ನೆ ಆರಿಸಿ, ಉತ್ತರ ಬರೆದು, ಅಂಕವನ್ನೂ ಹಾಕಿಕೊಂಡು, ಪೋಷಕರ ರುಜುವಿನ ಜಾಗವನ್ನೇ ಇಡದಿದ್ದರೆ ಅದನ್ನು ನಾವು ಅಂಕಪಟ್ಟಿಯೆಂದು ಒಪ್ಪುತ್ತಿದ್ದೆವೆ? ಕಾರ್ಖಾನೆಗಳ ವರದಿಯ ಇತಿಹಾಸವೆಂದರೆ ಆ ಖಾಲಿ ಗೆರೆಯ ಇತಿಹಾಸವೇ ಎಂದು ನನಗೆ ತೋರುತ್ತದೆ.

ಇಂಗ್ಲಿಷಿನ 'ಸ್ಟೇಕ್‌ಹೋಲ್ಡರ್' ಎಂಬ ಪದವನ್ನು ನಮ್ಮ ಪತ್ರಿಕೆಗಳು 'ಪಾಲುದಾರರು' ಎಂದು ಕನ್ನಡಿಸುತ್ತವೆ. ಕೆಲವು ಸರ್ಕಾರಿ ಕಾಗದಗಳಲ್ಲಿ 'ಮಧ್ಯಸ್ಥಗಾರರು' ಎಂದೂ ಕಂಡಿದ್ದೇನೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಪಾಲುದಾರನಿಗೆ ಲಾಭದಲ್ಲಿ ಪಾಲುಂಟು; ಕಾರ್ಖಾನೆಯ ಗೋಡೆಗೆ ಒತ್ತಿಕೊಂಡ ಗುಡಿಸಲಿನವನಿಗೆ ಕೇಡಿನಲ್ಲಿ ಮಾತ್ರ ಪಾಲು. ಮಧ್ಯಸ್ಥನೆಂದರೆ ಇಬ್ಬರ ನಡುವೆ ನ್ಯಾಯ ಹೇಳುವವನು. ಇವನ ನ್ಯಾಯವನ್ನು ಕೇಳುವವರೇ ಇಲ್ಲ. ನಾನು 'ಹಿತಾಸಕ್ತರು' ಎಂಬ ಪದವನ್ನು ಬಳಸುತ್ತೇನೆ. ಅದೂ ಪೂರ್ಣವಲ್ಲ, ಆದರೆ ತಪ್ಪು ಅರ್ಥವನ್ನಂತೂ ಕೊಡದು.

ಹೆಸರು ತಿಳಿಯದ ಗಾಳಿ

1984ರ ಡಿಸೆಂಬರ್ ತಿಂಗಳ ಮೊದಲ ವಾರ. ಬೆಳಗಿನ ಪ್ರಾರ್ಥನೆಯಲ್ಲಿ ವಾರ್ತೆ ಓದುವ ಹುಡುಗ ಭೋಪಾಲದ ಸುದ್ದಿಯನ್ನು ಓದಿ ಮುಗಿಸಿದ. ತರಗತಿಗೆ ಬಂದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಆ ಗಾಳಿಯ ಹೆಸರೇನು?" ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. ವಿಜ್ಞಾನದ ಮೇಷ್ಟರನ್ನು ಕೇಳಿ ಹೇಳುವೆನೆಂದೆ, ಅವರಿಗೂ ತಿಳಿದಿರಲಿಲ್ಲ. ಸಾವಿರ ಮೈಲಿ ದೂರದ ನಮ್ಮ ಅಜ್ಞಾನಕ್ಕೆ ಕ್ಷಮೆಯುಂಟು. ಆದರೆ ಆ ರಾತ್ರಿ ಭೋಪಾಲದಲ್ಲಿ ಸಾಯುತ್ತಿದ್ದವರಿಗೂ ಅವರಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯರಿಗೂ ಅದೇ ಅಜ್ಞಾನವಿತ್ತೆಂಬುದು ನನಗೆ ಎಷ್ಟೋ ವರ್ಷಗಳ ಅನಂತರ ತಿಳಿಯಿತು.

ಯೂನಿಯನ್ ಕಾರ್ಬೈಡ್ ಇಂಡಿಯಾ ಸಂಸ್ಥೆಯ ಆ ಕಾರ್ಖಾನೆಯು ಸೆವಿನ್ ಎಂಬ ಕೀಟನಾಶಕವನ್ನು ತಯಾರಿಸುತ್ತಿತ್ತು. ಅದಕ್ಕೆ ಬೇಕಾದ ಮೀಥೈಲ್ ಐಸೋಸಯನೇಟ್ ಎಂಬ ದ್ರವವನ್ನು 1980ರಿಂದ ಅಲ್ಲಿಯೇ ಉತ್ಪಾದಿಸತೊಡಗಿದರು. ಗೋಡೆಯಾಚೆಗೆ ಜಯಪ್ರಕಾಶ ನಗರ, ಕಾಜಿ ಕ್ಯಾಂಪ್, ಛೋಲಾ ಮೊದಲಾದ ಬಡವರ ಬಡಾವಣೆಗಳಿದ್ದವು. ಡಿಸೆಂಬರ್ 2ರ ರಾತ್ರಿ 610 ಎಂಬ ಸಂಖ್ಯೆಯ ತೊಟ್ಟಿಗೆ ನೀರು ಸೇರಿ, ಒಳಗಿದ್ದ ಸುಮಾರು 40 ಟನ್ ದ್ರವವು ಕುದಿದು ಅನಿಲವಾಗಿ ಹೊರಚಿಮ್ಮಿತು. ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾಗಿದ್ದ ಗೋಪುರದ ಕೊಳವೆಯನ್ನು ದುರಸ್ತಿಗಾಗಿ ಬಿಚ್ಚಿಡಲಾಗಿತ್ತು. ಊರಿಗೆ ಕೇಳಿಸುವ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತಿತು. ಜನರು ಬೀದಿಗಳಲ್ಲಿ ಬೀಳತೊಡಗಿದ ಮೇಲೆಯೇ ಅದು ಮತ್ತೆ ಕೂಗಿದ್ದು.

ಇಲ್ಲಿ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಒಂದು ಸಂಗತಿಯುಂಟು. ಅಂದು ಪಾಳಿಯಲ್ಲಿದ್ದ ಕಾರ್ಮಿಕರು ಗಾಳಿ ಬೀಸುತ್ತಿದ್ದ ದಿಕ್ಕನ್ನು ನೋಡಿ, ಅದಕ್ಕೆ ಎದುರಾಗಿ ಓಡಿದರು. ಅವರಲ್ಲಿ ಬಹುತೇಕರೆಲ್ಲರೂ ಉಳಿದುಕೊಂಡರು. ಗೋಡೆಯ ಹೊರಗಿನವರು ಗಾಳಿಯ ಜೊತೆಯಲ್ಲಿಯೇ ಓಡಿದರು. ಓಡಿದಷ್ಟೂ ಉಸಿರು ಹೆಚ್ಚಿತು, ಉಸಿರಿನೊಡನೆ ವಿಷವೂ ಹೆಚ್ಚಿತು. ಈ ಅನಿಲವು ನೀರಿನೊಡನೆ ಕೂಡಿ ತನ್ನ ತೀಕ್ಷ್ಣತೆಯನ್ನು ಕಳೆದುಕೊಳ್ಳುವಂಥದು. ಆದ್ದರಿಂದ ಒದ್ದೆ ಬಟ್ಟೆಯನ್ನು ಮುಖಕ್ಕೆ ಹಿಡಿದು ಗಾಳಿಗೆ ಅಡ್ಡಲಾಗಿ ನಡೆದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವೆಂದು ಅನಂತರ ಬಲ್ಲವರು ಹೇಳಿದರು. ಒಂದು ತುಂಡು ಬಟ್ಟೆ, ಒಂದು ಚೆಂಬು ನೀರು. ಇವೆರಡೂ ಕಡುಬಡವರ ಮನೆಯಲ್ಲಿಯೂ ಇದ್ದವು. ಇಲ್ಲದಿದ್ದದ್ದು ಎರಡು ಸಾಲಿನ ತಿಳಿವಳಿಕೆ.

ಹಮೀದಿಯಾ ಆಸ್ಪತ್ರೆಗೆ ಜನರು ಹಿಂಡುಹಿಂಡಾಗಿ ಬಂದಾಗ ವೈದ್ಯರು ಕಾರ್ಖಾನೆಯನ್ನು ವಿಚಾರಿಸಿದರು. ಇದು ಕಣ್ಣುರಿಸುವ ಅನಿಲ, ಅಶ್ರುವಾಯುವಿನಂಥದು, ನೀರಿನಿಂದ ತೊಳೆದರೆ ಸಾಕು ಎಂಬರ್ಥದ ಉತ್ತರ ಬಂದಿತು. ಮಧ್ಯಪ್ರದೇಶ ಸರ್ಕಾರವು 3,787 ಸಾವುಗಳನ್ನು ದೃಢಪಡಿಸಿತು. ಸಾವಿನ ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚೆಂದು ಸಂತ್ರಸ್ತರ ಸಂಘಟನೆಗಳು ಇಂದಿಗೂ ಹೇಳುತ್ತವೆ. ನೊಂದವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿಯೇ ಐದೂವರೆ ಲಕ್ಷವನ್ನು ಮೀರುತ್ತದೆ.

ಕಾರ್ಖಾನೆಯಲ್ಲಿ ವರದಿಗಳು ಇರಲಿಲ್ಲವೆ? ಇದ್ದವು. 1981ರ ಡಿಸೆಂಬರ್‌ನಲ್ಲಿ ಫಾಸ್ಜೀನ್ ಅನಿಲಕ್ಕೆ ಸಿಕ್ಕಿ ಕಾರ್ಮಿಕನೊಬ್ಬ ಸತ್ತಿದ್ದ. 1982ರ ಮೇ ತಿಂಗಳಲ್ಲಿ ಅಮೆರಿಕದ ಮಾತೃಸಂಸ್ಥೆಯ ತಜ್ಞರು ಬಂದು ಪರಿಶೀಲಿಸಿ, ಹತ್ತಾರು ಅಪಾಯಗಳನ್ನು ಪಟ್ಟಿಮಾಡಿ ವರದಿ ಬರೆದಿದ್ದರು. 1984ರ ಸೆಪ್ಟೆಂಬರ್‌ನಲ್ಲಿ, ಎಂದರೆ ದುರಂತಕ್ಕೆ ಮೂರು ತಿಂಗಳಷ್ಟೇ ಮೊದಲು, ಪಶ್ಚಿಮ ವರ್ಜೀನಿಯಾದಲ್ಲಿದ್ದ ಅದೇ ಸಂಸ್ಥೆಯ ಕಾರ್ಖಾನೆಯನ್ನು ಕುರಿತ ಒಂದು ಆಂತರಿಕ ವರದಿಯು, ಇದೇ ದ್ರವದ ತೊಟ್ಟಿಗಳಲ್ಲಿ ತಡೆಯಲಾಗದ ರಾಸಾಯನಿಕ ಕ್ರಿಯೆ ನಡೆಯಬಹುದೆಂದು ಎಚ್ಚರಿಸಿತ್ತು. ಆ ವರದಿಯನ್ನು ಭೋಪಾಲಕ್ಕೆ ಕಳುಹಿಸಲೇ ಇಲ್ಲ. ಭೋಪಾಲದ ಪತ್ರಕರ್ತ ರಾಜಕುಮಾರ ಕೇಸವಾನಿಯವರು 1982ರಲ್ಲಿಯೇ ತಮ್ಮ ಪುಟ್ಟ ಹಿಂದಿ ವಾರಪತ್ರಿಕೆಯಲ್ಲಿ, ಈ ಊರು ಜ್ವಾಲಾಮುಖಿಯ ಬಾಯಿಯ ಮೇಲೆ ಕುಳಿತಿದೆಯೆಂದು ಮತ್ತೆ ಮತ್ತೆ ಬರೆದರು. ಯಾರೂ ಕಿವಿಗೊಡಲಿಲ್ಲ. 2021ರಲ್ಲಿ ಕೇಸವಾನಿಯವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಆ ಲೇಖನಗಳನ್ನು ಸ್ಮರಿಸಿದವು.

ಆದ್ದರಿಂದ ಭೋಪಾಲದ ಪಾಠ "ವರದಿ ಬರೆಯಬೇಕು" ಎಂಬುದಲ್ಲ. ವರದಿಗಳು ಬರೆದವರ ಕಪಾಟಿನಲ್ಲಿದ್ದವು, ಸಾಯಬಹುದಾದವರ ಕೈಯಲ್ಲಿರಲಿಲ್ಲ.

ತಿಳಿಯುವ ಹಕ್ಕು

ಸಮುದ್ರದಾಚೆ ಈ ಪಾಠವನ್ನು ಬೇಗ ಕಲಿತರು; ಏಕೆಂದರೆ ಅದೇ ಹೊಗೆ ಅವರ ಅಂಗಳಕ್ಕೂ ಬಂದಿತು. ಪಶ್ಚಿಮ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲಿ ಯೂನಿಯನ್ ಕಾರ್ಬೈಡಿನ ಕಾರ್ಖಾನೆಯಿಂದ 1985ರ ಆಗಸ್ಟ್ 11ರಂದು ವಿಷಾನಿಲ ಸೋರಿ, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಭೋಪಾಲದಂಥದು ನಮ್ಮಲ್ಲಿ ನಡೆಯದು ಎಂಬ ಸಮಾಧಾನ ಅಂದಿಗೆ ಮುಗಿಯಿತು. 1986ರ ಅಕ್ಟೋಬರ್ 17ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನ ಹೆಸರಿನಲ್ಲಿಯೇ "ಸಮುದಾಯದ ತಿಳಿಯುವ ಹಕ್ಕು" ಎಂಬ ಮಾತಿದೆ.

ಅದರಲ್ಲಿ ಎರಡು ಏರ್ಪಾಡುಗಳು ಮುಖ್ಯವಾದವು. ಮೊದಲನೆಯದು, ಊರೂರಿನಲ್ಲಿಯೂ ಒಂದು ತುರ್ತು ಯೋಜನಾ ಸಮಿತಿ. ಚುನಾಯಿತ ಪ್ರತಿನಿಧಿಗಳು, ಪೊಲೀಸರು, ಅಗ್ನಿಶಾಮಕ ದಳದವರು, ವೈದ್ಯರು, ಪತ್ರಕರ್ತರು, ಸ್ಥಳೀಯ ಸಂಘದವರು ಹಾಗೂ ಕಾರ್ಖಾನೆಯವರು ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಬೇಕು. ಎರಡನೆಯದು, ಪ್ರತಿ ದೊಡ್ಡ ಕಾರ್ಖಾನೆಯೂ ಯಾವ ವಿಷವಸ್ತುವನ್ನು ಎಷ್ಟು ತೂಕದಲ್ಲಿ ಗಾಳಿಗೆ, ನೀರಿಗೆ, ನೆಲಕ್ಕೆ ಬಿಟ್ಟಿತೆಂದು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು; ಆ ಲೆಕ್ಕವನ್ನು ಸರ್ಕಾರವು ಗಣಕಯಂತ್ರದಲ್ಲಿಟ್ಟು, ಕೇಳಿದ ಪ್ರಜೆಗಳಿಗೆಲ್ಲ ದೊರೆಯುವಂತೆ ಮಾಡಬೇಕು. ಗಮನಿಸಿ: ವಿಷ ಬಿಡುವುದನ್ನು ಈ ವಿಧಿ ನಿಷೇಧಿಸಲಿಲ್ಲ, ಒಂದು ಕಿಲೋ ಕಡಿಮೆ ಮಾಡೆಂದೂ ಹೇಳಲಿಲ್ಲ. ನೆರೆಯವನ ಮುಂದೆ ಲೆಕ್ಕ ಹೇಳು ಎಂದಿತು, ಅಷ್ಟೆ.

ಅಷ್ಟೇ ಎಷ್ಟಾಯಿತೆಂಬುದನ್ನು ನೋಡಿ. 1987ನೆಯ ವರ್ಷದ ಮೊದಲ ಲೆಕ್ಕವನ್ನು 1988ರ ಜುಲೈ 1ರೊಳಗೆ ಒಪ್ಪಿಸಬೇಕಾಗಿತ್ತು. ಅದರ ಹಿಂದಿನ ದಿನವೇ ಮೊನ್ಸಾಂಟೊ ಕಂಪನಿಯ ಮುಖ್ಯಸ್ಥ ರಿಚರ್ಡ್ ಮಹೋನಿ, ಗಾಳಿಗೆ ಬಿಡುವ ವಿಷವನ್ನು 1992ರ ಕೊನೆಯೊಳಗೆ ಶೇಕಡಾ 90ರಷ್ಟು ತಗ್ಗಿಸುವೆವೆಂದು ಘೋಷಿಸಿದರು. ತಮ್ಮದೇ ಅಂಕೆಗಳನ್ನು ಒಟ್ಟಾಗಿ ಕಂಡಾಗ ಕಂಪನಿಯವರೇ ಬೆಚ್ಚಿದ್ದರು. ನಾಲ್ಕು ಜನರ ಮುಂದೆ ಓದಿ ಹೇಳಬೇಕೆಂದಾಗ ಮಾತ್ರ ಮನುಷ್ಯನು ತನ್ನ ಲೆಕ್ಕವನ್ನು ತಾನು ಗಮನವಿಟ್ಟು ನೋಡುತ್ತಾನೆ.

ಅನಂತರದ ವರ್ಷಗಳಲ್ಲಿ ಇದು ಜಗತ್ತಿನ ರೂಢಿಯಾಗುತ್ತ ಬಂದಿತು. 1989ರ ಮಾರ್ಚ್‌ನಲ್ಲಿ ಅಲಾಸ್ಕದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಚೆಲ್ಲಿದ ಮೇಲೆ, ಸೀರೀಸ್ ಎಂಬ ಒಕ್ಕೂಟವು ಕಂಪನಿಗಳಿಗಾಗಿ ಪರಿಸರ ನೀತಿಯ ತತ್ತ್ವಗಳನ್ನು ಪ್ರಕಟಿಸಿತು. ಅದೇ ಒಕ್ಕೂಟದ ಮುತುವರ್ಜಿಯಿಂದ 1997ರಲ್ಲಿ ಗ್ಲೋಬಲ್ ರಿಪೋರ್ಟಿಂಗ್ ಇನಿಶಿಯೇಟಿವ್ ಹುಟ್ಟಿತು; ಅದರ ಮೊದಲ ಮಾರ್ಗಸೂಚಿ 2000ದಲ್ಲಿ ಹೊರಬಂದಿತು. ಬ್ರೆಂಟ್ ಸ್ಪಾರ್ ತೈಲತೊಟ್ಟಿಯ ವಿವಾದ ಮತ್ತು ನೈಜೀರಿಯಾದ ಲೇಖಕ ಕೆನ್ ಸಾರೋ-ವಿವಾ ಅವರಿಗೆ ಅಲ್ಲಿನ ಸೇನಾ ಸರ್ಕಾರ ವಿಧಿಸಿದ ಗಲ್ಲು ಎರಡೂ 1995ರಲ್ಲಿ ನಡೆದವು. ಅವುಗಳಿಂದ ಹೆಸರು ಕೆಡಿಸಿಕೊಂಡ ಶೆಲ್ ಕಂಪನಿಯು 1998ರ ತನ್ನ ವರದಿಯೊಡನೆ, ಓದುಗರು ಅಭಿಪ್ರಾಯ ಬರೆದು ಕಳುಹಿಸಲೆಂದು ಕಾರ್ಡುಗಳನ್ನು ಸೇರಿಸಿತು. ಅಂಕಪಟ್ಟಿಯಲ್ಲಿ ಪೋಷಕರ ರುಜುವಿಗೆ ಜಾಗ ಸಿಕ್ಕಿತೆಂದು ಹಲವರು ಹಿಗ್ಗಿದರು.

ಅಂಕೆಗಳು ಮುಚ್ಚಿಟ್ಟದ್ದು

ಆದರೆ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಬ್ರಿಟಿಷ್ ಮೂಲದ ಬಿಪಿ ಕಂಪನಿಯ ತೈಲ ಶುದ್ಧೀಕರಣ ಕೇಂದ್ರವಿತ್ತು. 2004ರಲ್ಲಿ ಅಲ್ಲಿನ ಗಾಯಗಳ ಪ್ರಮಾಣ ಹಿಂದೆಂದೂ ಇಲ್ಲದಷ್ಟು ಕಡಿಮೆಯಿತ್ತೆಂದು ದಾಖಲಾಯಿತು. ಕೈ ಕೊಯ್ದುಕೊಂಡವರು, ಜಾರಿ ಬಿದ್ದವರು, ಕಾಲು ಉಳುಕಿಸಿಕೊಂಡವರು, ಇವರ ಲೆಕ್ಕ ಅದು. ಅದೇ ವರ್ಷ ಅದೇ ಕೇಂದ್ರದಲ್ಲಿ ಬೇರೆ ಬೇರೆ ಅವಘಡಗಳಲ್ಲಿ ಮೂವರು ಸತ್ತಿದ್ದರೂ ಒಟ್ಟು ಅಂಕೆ ಚೆನ್ನಾಗಿಯೇ ಕಾಣುತ್ತಿತ್ತು. 2005ರ ಮಾರ್ಚ್ 23ರಂದು ಅಲ್ಲಿ ನಡೆದ ಸ್ಫೋಟದಲ್ಲಿ 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು.

ತನಿಖೆಗೆ ನೇಮಕಗೊಂಡ ಜೇಮ್ಸ್ ಬೇಕರ್ ಸಮಿತಿಯು 2007ರಲ್ಲಿ ಹೇಳಿದ್ದು ಪ್ರತಿ ಸುರಕ್ಷತಾ ಅಧಿಕಾರಿಯೂ ನೆನಪಿಡಬೇಕಾದ ಮಾತು. ವೈಯಕ್ತಿಕ ಗಾಯಗಳ ಪ್ರಮಾಣ ಇಳಿದದ್ದನ್ನು ಕಂಡು ಕಂಪನಿಯು ಯಂತ್ರಸ್ಥಾವರಗಳೂ ಸುರಕ್ಷಿತವಾಗಿವೆಯೆಂದು ಭ್ರಮಿಸಿತ್ತು. ಜಾರಿ ಬೀಳುವುದರ ಲೆಕ್ಕವು ಸಿಡಿಯಲಿರುವ ಗೋಪುರದ ಸ್ಥಿತಿಯನ್ನು ಹೇಳಲಾರದು. ಅದನ್ನು ಹೇಳಬಲ್ಲವರು ಗೋಪುರದ ಕೆಳಗೆ ನಿಂತು ದುಡಿಯುವವರು. ವಿಚಿತ್ರವೆಂದರೆ, ಸ್ಫೋಟಕ್ಕೆ ಕೆಲವೇ ತಿಂಗಳುಗಳ ಹಿಂದೆ ಆ ಕೇಂದ್ರದವರೇ ಕರೆಸಿದ್ದ ಸಲಹೆಗಾರರು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಅಭಿಪ್ರಾಯ ಸಂಗ್ರಹಿಸಿದ್ದರು. ಇಲ್ಲಿ ಯಾವ ದಿನವಾದರೂ ಸಾವು ಬರಬಹುದೆಂಬ ಭಯ ಆ ಉತ್ತರಗಳಲ್ಲಿ ತುಂಬಿತ್ತು. ಎಂದರೆ ಹಿತಾಸಕ್ತರನ್ನು ಕೇಳಿದ್ದಾಗಿತ್ತು, ಅವರು ಹೇಳಿಯೂ ಆಗಿತ್ತು. ಹೇಳಿದ್ದರ ಮೇಲೆ ಕೈಗೊಳ್ಳಬೇಕಾದ ಕ್ರಮ ಮಾತ್ರ ಆ ಕೆಲವು ತಿಂಗಳುಗಳಲ್ಲಿ ಬಂದು ಮುಟ್ಟಲಿಲ್ಲ.

ಇದೇ ಕಂಪನಿಯ ಇನ್ನೊಂದು ಪ್ರಸಂಗ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲಕಟ್ಟೆ ಸ್ಫೋಟಿಸಿ 11 ಕಾರ್ಮಿಕರು ಸತ್ತರು. ತೈಲವು ತಿಂಗಳುಗಟ್ಟಲೆ ಕಡಲಿಗೆ ಹರಿಯಿತು. ಆಗ ಜನರು ಕಂಪನಿಯ ತೈಲಸೋರಿಕೆ ನಿರ್ವಹಣಾ ಯೋಜನೆಯನ್ನು ತೆರೆದು ನೋಡಿದರು. ಆ ಬೆಚ್ಚನೆಯ ಕೊಲ್ಲಿಯಲ್ಲಿ ಸಂರಕ್ಷಿಸಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ, ಉತ್ತರಧ್ರುವದ ಹಿಮಪ್ರದೇಶದಲ್ಲಿ ಮಾತ್ರ ವಾಸಿಸುವ ವಾಲ್‌ರಸ್ ಎಂಬ ಪ್ರಾಣಿಯ ಹೆಸರಿತ್ತು! ಸಂಪರ್ಕಿಸಬೇಕಾದ ತಜ್ಞರಲ್ಲೊಬ್ಬರು 2005ರಲ್ಲಿಯೇ ತೀರಿಕೊಂಡಿದ್ದರು. ಪಕ್ಕದವನ ಉತ್ತರಪತ್ರಿಕೆಯನ್ನು ನೋಡಿ ಬರೆಯುವ ಹುಡುಗನು ಪಕ್ಕದವನ ಹೆಸರನ್ನೂ ನಕಲು ಮಾಡಿದ ಕಥೆ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಪ್ರಸಿದ್ಧವಾಗಿತ್ತಲ್ಲವೆ? ಆ ಕೊಲ್ಲಿಯ ಒಬ್ಬ ಬೆಸ್ತನಿಗೆ ಆ ಪುಟವನ್ನು ಓದಲು ಕೊಟ್ಟಿದ್ದರೆ ಐದು ನಿಮಿಷದಲ್ಲಿ ತಪ್ಪು ಸಿಕ್ಕುತ್ತಿತ್ತು. ಕಡಲನ್ನು ಬಲ್ಲವರು ಆ ಪುಟವನ್ನು ಕಣ್ಣಿಟ್ಟು ಓದಿರಲಿಲ್ಲ.

ನಮ್ಮ ದೇಶದಲ್ಲಿ

ಭೋಪಾಲದ ಬಳಿಕ ನಾವು ಕೈಕಟ್ಟಿ ಕುಳಿತೆವೆಂದರೆ ಅನ್ಯಾಯವಾದೀತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದಿತು. 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಂದ ತಿದ್ದುಪಡಿಯು, ಅಪಾಯಕಾರಿ ಕಾರ್ಖಾನೆಯ ಒಡೆಯನು ಅಲ್ಲಿನ ಅಪಾಯಗಳನ್ನೂ ಅವುಗಳಿಂದ ಪಾರಾಗುವ ಬಗೆಯನ್ನೂ ಕಾರ್ಮಿಕರಿಗೆ, ಇನ್‌ಸ್ಪೆಕ್ಟರರಿಗೆ, ಸ್ಥಳೀಯ ಆಡಳಿತಕ್ಕೆ ಮತ್ತು ಸುತ್ತಮುತ್ತಲಿನ ಸಾರ್ವಜನಿಕರಿಗೆ ತಿಳಿಸಲೇಬೇಕೆಂದು ವಿಧಿಸಿತು. ಆಡಳಿತದವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕೆಂದಿತು. ಸನ್ನಿಹಿತ ಅಪಾಯವನ್ನು ಕಂಡ ಕಾರ್ಮಿಕನಿಗೆ ಎಚ್ಚರಿಸುವ ಹಕ್ಕನ್ನು ಕೊಟ್ಟಿತು. 2025ರ ನವೆಂಬರ್ 21ರಂದು ಈ ಹಳೆಯ ಕಾಯಿದೆಯ ಸ್ಥಾನಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಸಾರ್ವಜನಿಕರಿಗೆ ತಿಳಿಸಬೇಕೆಂಬ ವಿಧಿ ಅದರಲ್ಲಿಯೂ ಉಳಿದಿದೆ. 1997ರಲ್ಲಿ ಪರಿಸರ ಅನುಮತಿಗೆ ಮುನ್ನ ಸಾರ್ವಜನಿಕ ವಿಚಾರಣೆ ಕಡ್ಡಾಯವಾಯಿತು. 2006ರ ಅಧಿಸೂಚನೆಯು, ಪರಿಸರ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕೆಂದೂ ವಿಚಾರಣೆಗೆ 30 ದಿನಗಳ ಮುನ್ಸೂಚನೆ ಬೇಕೆಂದೂ ವಿಧಿಸಿತು. ದೊಡ್ಡ ಕಂಪನಿಗಳು ತಮ್ಮ ಹೊಣೆಗಾರಿಕೆಯನ್ನು ಕುರಿತು ವರ್ಷಕ್ಕೊಮ್ಮೆ ವರದಿ ಕೊಡಬೇಕೆಂದು ಸೆಬಿ ಸಂಸ್ಥೆಯು 2012ರಲ್ಲಿ ಆರಂಭಿಸಿದ ಪದ್ಧತಿಯು, 2022-23ರಿಂದ ಷೇರುಪೇಟೆಯ ಅಗ್ರ 1,000 ಕಂಪನಿಗಳಿಗೆ ಇನ್ನಷ್ಟು ವಿಸ್ತಾರವಾದ ರೂಪದಲ್ಲಿ ಕಡ್ಡಾಯವಾಗಿದೆ. ನನ್ನ ವಿದ್ಯಾರ್ಥಿಗೆ ಬಂದ ಸೂಚನೆಯ ಮೂಲ ಬಹುಶಃ ಇದೇ ಇರಬೇಕು.

ಕಾನೂನು ಸಾಕಷ್ಟಿದೆ. ಆದರೂ 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಹೊರವಲಯದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ, ವೆಂಕಟಾಪುರದ ಸುತ್ತಲಿನ 12 ಮಂದಿ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಕಾರ್ಖಾನೆಯಲ್ಲಿ ಸೈರನ್ ವ್ಯವಸ್ಥೆಯಿದ್ದರೂ ಅಂದು ಅದನ್ನು ಊದಲಿಲ್ಲವೆಂದು ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿಯೇ ಹೇಳಿತು. ಭೋಪಾಲದ ಸೈರನ್ ಕೂಗಿ ನಿಂತಿತ್ತು. 35 ವರ್ಷಗಳ ಅನಂತರ ಈ ಸೈರನ್ ಕೂಗಲೇ ಇಲ್ಲ. ಆ ವಾರ್ತೆಯನ್ನು ನೋಡುತ್ತಿದ್ದಾಗ ಹಿಂದಿನ ಬೆಂಚಿನ ಆ ಹುಡುಗಿಯ ಪ್ರಶ್ನೆ ನನಗೆ ಮತ್ತೆ ಕೇಳಿಸಿತು.

ಭಾಷೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದೇ 2020ರಲ್ಲಿ ಕೇಂದ್ರ ಸರ್ಕಾರವು ಪರಿಸರ ಅನುಮತಿಯ ನಿಯಮಗಳನ್ನು ಬದಲಿಸಲು ಹೊರಟು, ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಕೇಳಿದ್ದು ಇಂಗ್ಲಿಷ್ ಹಿಂದಿಗಳಲ್ಲಿ! ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅದನ್ನು ಅನುವಾದಿಸಿ ಎಂದು ದೆಹಲಿ ಉಚ್ಚ ನ್ಯಾಯಾಲಯವು ಆ ಜೂನ್‌ನಲ್ಲಿ ಹೇಳಿತು. ಸ್ಥಳೀಯ ಭಾಷೆಯಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂದು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವು ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ನೀಡಿತು. ನಾನು ನಲವತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿದವನು. ಅರ್ಥವಾಗದ ಭಾಷೆಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟು, ಉತ್ತರ ಬರಲಿಲ್ಲವೆಂದು ಸೊನ್ನೆ ಹಾಕುವುದು ಪರೀಕ್ಷೆಯಲ್ಲ.

ಇನ್ನೂ ಇತ್ತೀಚಿನ ಸಂಗತಿ. ಭೋಪಾಲದ ಕಾರ್ಖಾನೆಯ ಅಂಗಳದಲ್ಲಿ ದಶಕಗಳಿಂದ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನು 2025ರ ಜನವರಿ ಮೊದಲಲ್ಲಿ ಹನ್ನೆರಡು ಲಾರಿಗಳಲ್ಲಿ ಹೇರಿ, ಸುಡುವುದಕ್ಕಾಗಿ ಪೀಥಂಪುರ ಎಂಬ ಊರಿಗೆ ಒಯ್ದರು. ಊರಿನವರು ಬೀದಿಗಿಳಿದರು, ಇಬ್ಬರು ಮೈಗೆ ಬೆಂಕಿ ಹಚ್ಚಿಕೊಳ್ಳಲೆತ್ನಿಸಿದರು. ಆಮೇಲೆ ಸರ್ಕಾರವು ಜನರಿಗೆ ತಿಳಿಹೇಳಲು ನ್ಯಾಯಾಲಯದಿಂದ ಕಾಲಾವಕಾಶ ಕೇಳಿತು. ಮೊದಲು ಸ್ವಲ್ಪ ಸ್ವಲ್ಪವಾಗಿ ಸುಟ್ಟು ಪರೀಕ್ಷಿಸಿ, ಜೂನ್ ಅಂತ್ಯದ ಹೊತ್ತಿಗೆ ಎಲ್ಲವನ್ನೂ ಸುಟ್ಟು ಮುಗಿಸಿದರು. ಸುಡುವ ವಿಧಾನ ಸುರಕ್ಷಿತವೇ ಇದ್ದಿರಬಹುದು, ಅದನ್ನು ತೂಗಿ ಹೇಳಲು ನಾನು ಶಕ್ತನಲ್ಲ. ಆದರೆ ಲಾರಿ ಹೊರಡುವ ಮೊದಲು ಆಡಬೇಕಾಗಿದ್ದ ಮಾತನ್ನು ಲಾರಿ ಮುಟ್ಟಿದ ಮೇಲೆ ಆಡಿದರೆ ಅದನ್ನು ನಂಬುವವರು ಯಾರು?

ವಿದ್ಯಾರ್ಥಿಗೆ ಉತ್ತರ

ಮಗೂ, ಇಷ್ಟು ಹೇಳಿದ ಮೇಲೆ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ನಿನ್ನ ಕಸುಬನ್ನು ಬಲ್ಲವನಲ್ಲ. ಇತಿಹಾಸ ನನಗೆ ಕಲಿಸಿದ್ದನ್ನಷ್ಟೇ ಹೇಳಬಲ್ಲೆ.

ವರದಿಯನ್ನು ಬರೆದು ಮುಗಿಸಿ ಅಭಿಪ್ರಾಯ ಕೇಳಬೇಡ. ಬರೆಯುವ ಮೊದಲೇ, ಯಾವ ಪ್ರಶ್ನೆಗಳಿಗೆ ಉತ್ತರ ಬೇಕೆಂದು ಕೇಳು. ಕಾರ್ಖಾನೆಯ ಗೋಡೆಯಿಂದ ಆರಂಭಿಸಿ ಹೊರಕ್ಕೆ ನಡೆ. ಗೋಡೆಗೆ ಹತ್ತಿರದ ಮನೆಯವರು, ಗಾಳಿ ಹೆಚ್ಚಾಗಿ ಬೀಸುವ ದಿಕ್ಕಿನವರು, ಹಳ್ಳದ ಕೆಳಗಿನ ಹೊಲದವರು ಮೊದಲು ಬರಲಿ. ವೇದಿಕೆಯ ಗಣ್ಯರು ಆಮೇಲೆ. ಗುತ್ತಿಗೆಯ ಕಾರ್ಮಿಕರನ್ನು ಮರೆಯಬೇಡ. ಟೆಕ್ಸಾಸ್ ಸಿಟಿಯಲ್ಲಿ ಸತ್ತ ಹದಿನೈದು ಮಂದಿಯೂ ಗುತ್ತಿಗೆಯ ಕೆಲಸಗಾರರೇ. ಸಭೆಗೆ ಬಂದವರ ಹೆಂಗಸರನ್ನೂ ಕರೆಯಿಸು. ಬಾವಿಯ ನೀರಿನ ವಾಸನೆ ಬದಲಾದರೆ ಮೊದಲು ತಿಳಿಯುವುದು ಅವರಿಗೆ.

ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ವರದಿಯಲ್ಲಿ ಅಚ್ಚುಮಾಡಿ, ಅದರ ಪಕ್ಕದಲ್ಲಿ ಕಂಪನಿ ಏನು ಮಾಡಿತೆಂದು ಬರೆ. ಮಾಡದಿದ್ದರೆ ಏಕೆ ಮಾಡಲಿಲ್ಲವೆಂದು ಬರೆ. ಕೆಟ್ಟ ಸುದ್ದಿಯಿದ್ದರೆ ಅದನ್ನೂ ಸೇರಿಸು. ಎಲ್ಲ ವಿಷಯಗಳಲ್ಲಿಯೂ ನೂರಕ್ಕೆ ನೂರು ಪಡೆದ ಅಂಕಪಟ್ಟಿಯನ್ನು ಕಂಡರೆ ಶಿಕ್ಷಕನಾದವನಿಗೆ ಸಂತೋಷಕ್ಕಿಂತ ಮೊದಲು ಸಂದೇಹ ಬರುತ್ತದೆ.

ಕೊನೆಯದಾಗಿ, ಆ ನುಣುಪು ಕಾಗದದ ಪುಸ್ತಕದ ಜೊತೆಗೆ ಒಂದೇ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸು. ಕಾರ್ಖಾನೆಯಲ್ಲಿರುವ ಅತ್ಯಂತ ಅಪಾಯದ ವಸ್ತುವಿನ ಹೆಸರೇನು, ಅದು ಸೋರಿದರೆ ವಾಸನೆ ಹೇಗಿರುತ್ತದೆ, ಸೈರನ್ ಹೇಗೆ ಕೂಗುತ್ತದೆ, ಯಾವ ಕಡೆಗೆ ನಡೆಯಬೇಕು, ಮುಖಕ್ಕೆ ಏನು ಹಿಡಿಯಬೇಕು, ಆಸ್ಪತ್ರೆಯ ವೈದ್ಯರಿಗೆ ಏನೆಂದು ಹೇಳಬೇಕು, ಇಷ್ಟೇ ಸಾಕು. ಅದನ್ನು ಪಂಚಾಯತಿ ಕಚೇರಿಯಲ್ಲಿ, ಅಂಗನವಾಡಿಯಲ್ಲಿ, ನಿಮ್ಮ ಊರಿನ ಶಾಲೆಯ ಗೋಡೆಯ ಮೇಲೆ ಅಂಟಿಸು. ವರ್ಷಕ್ಕೊಮ್ಮೆ ಆ ಶಾಲೆಗೆ ನೀನೇ ಹೋಗಿ ಮಕ್ಕಳಿಗೆ ವಿವರಿಸು. ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು "ಸಾರ್, ಆ ಗಾಳಿಯ ಹೆಸರೇನು?" ಎಂದು ಕೇಳಿದರೆ, ನಾನು ಅಂದು ತಡವರಿಸಿದಂತೆ ನೀನು ತಡವರಿಸಬೇಕಾಗದು.

ನಿನ್ನ ವರದಿಯನ್ನು ಅಂಚಿನ ಬರಹದೊಡನೆ ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಅಂಕ ಹಾಕಿಲ್ಲ. ಅದನ್ನು ಹಾಕಬೇಕಾದವರು ನಿನ್ನ ಕಾರ್ಖಾನೆಯ ಗೋಡೆಯ ಆಚೆಗಿದ್ದಾರೆ.

ಉಳಿದ ವಿದ್ಯಾರ್ಥಿಮಿತ್ರರಲ್ಲಿ ಹಲವರು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದೀರಿ. ಕೆಲವರು ಅವುಗಳ ಪಕ್ಕದಲ್ಲಿ ಮನೆ ಕಟ್ಟಿಕೊಂಡಿದ್ದೀರಿ. ನಿಮ್ಮ ಅನುಭವಗಳನ್ನು ಬಿಡುವಾದಾಗ ಬರೆದು ತಿಳಿಸಿ. ಎಲ್ಲರಿಗೂ ಶುಭವಾಗಲಿ.